ಪಾಗಾರದ ಕಾವಲುಗಾರ ಕೇಳುವ ಪ್ರಶ್ನೆ

‘ಹೋಸ್ಟ್ ಪ್ರೋಸೆಸ್ ಫಾರ್ ವಿಂಡೋಸ್ ಸರ್ವಿಸಸ್ ಎಂಬುದು ಅಂತರ್ಜಾಲವನ್ನು ಸಂಪರ್ಕಿಸಲು ಬಯಸುತ್ತಿದೆ. ಬಿಡಬಹುದೇ, ತಡೆಯಬೇಕೇ?’

ಮನೆಯ ಕಂಪ್ಯೂಟರಿನಲ್ಲಿ ಪ್ರತ್ಯೇಕವಾಗಿ ಒಂದು ಫೈರ್‌ವಾಲ್ ಹಾಕಿಸಿಕೊಂಡವರು ಪರದೆಯ ಮೂಲೆಯಲ್ಲಿ ಇಂಥ ಪೆಟ್ಟಿಗೆಯೊಂದು ಮೂಡಿದುದನ್ನು ಕಂಡಿರಬಹುದು. ಪ್ರಶ್ನೆ ಇಂಗ್ಲಿಷಿನಲ್ಲಿರುತ್ತದೆ. ಅಕ್ಷರ ಕೂಡಿಸಿ ಓದಿದರೂ ಅರ್ಥವಾಗುವ ಇಂಗ್ಲಿಷಲ್ಲ. ನಮ್ಮ ಗಡಿನಾಡಿನ ಎಷ್ಟೋ ಮನೆಗಳಲ್ಲಿ ಅದನ್ನು ಓದಬಲ್ಲವರೆಂದರೆ ಒಂಬತ್ತನೆಯ ತರಗತಿಯ ಮಗನೋ ಮಗಳೋ. ಆದುದರಿಂದ ತೀರ್ಪು ಕೊಡುವ ಕೆಲಸ ಆ ಮಗುವಿನ ಪಾಲಿಗೆ ಬರುತ್ತದೆ. ತಂದೆಯವರ ಬ್ಯಾಂಕಿನ ಲೆಕ್ಕ, ಗಲ್ಫಿನಲ್ಲಿರುವ ಅಣ್ಣನ ಕಾಗದಪತ್ರ, ತಂಗಿಯ ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಇರುವುದು ಅದೇ ಯಂತ್ರದಲ್ಲಿ. ಹೀಗಿರುವಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವುದು ಹೇಗೆಂದು ವಿದ್ಯಾರ್ಥಿಗಳೂ ಹೆತ್ತವರೂ ಕೂಡಿ ತಿಳಿದುಕೊಳ್ಳುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ನಾವು ಕಂಡಂತೆ ಉತ್ತರ ಕೊಡುವವರಲ್ಲಿ ಎರಡು ಬಗೆಯವರಿದ್ದಾರೆ. ಪೆಟ್ಟಿಗೆ ಬಂದೊಡನೆ ಅದನ್ನು ತೊಲಗಿಸುವುದಕ್ಕಾಗಿ ‘ಬಿಡು’ ಎಂದು ಒತ್ತುವವರು ಒಂದು ಬಗೆ. ಗೊತ್ತಿಲ್ಲದ ಹೆಸರೆಲ್ಲ ವೈರಸ್ಸೇ ಎಂದು ಭಾವಿಸಿ ‘ತಡೆ’ ಎಂದು ಒತ್ತುವವರು ಇನ್ನೊಂದು ಬಗೆ. ಮೊದಲನೆಯವರನ್ನು ಎಲ್ಲರೂ ಎಚ್ಚರಿಸುತ್ತಾರೆ. ಎರಡನೆಯವರನ್ನು ಜಾಣರೆಂದು ಹೊಗಳುವುದೇ ಹೆಚ್ಚು. ಆದರೆ ಅವರಿಂದಾಗುವ ಹಾನಿ ಸಣ್ಣದಲ್ಲ.

ಫೈರ್‌ವಾಲ್ ಎಂಬುದು ಮೂಲತಃ ಕಟ್ಟಡಗಳಿಗೆ ಸಂಬಂಧಿಸಿದ ಮಾತು. ಒಂದು ಭಾಗಕ್ಕೆ ಬೆಂಕಿ ಬಿದ್ದರೆ ಪಕ್ಕದ ಭಾಗಕ್ಕೆ ಹಬ್ಬದಂತೆ ಕಟ್ಟಿದ ಗೋಡೆಗೆ ಆ ಹೆಸರು. ಕಂಪ್ಯೂಟರಿನ ಫೈರ್‌ವಾಲನ್ನು ನಮ್ಮ ಮನೆಗಳ ಸುತ್ತಲಿನ ಮುರಕಲ್ಲಿನ ಪಾಗಾರಕ್ಕೆ ಹೋಲಿಸಿದರೆ ಹೆಚ್ಚು ಸರಿಯಾದೀತು. ಪಾಗಾರಕ್ಕೆ ಒಂದು ಗೇಟು, ತೋಟದ ಕಡೆಗೊಂದು ತಡಮೆ ಇರುವುದುಂಟು. ಕಂಪ್ಯೂಟರಿಗಾದರೋ 0ರಿಂದ 65,535ರ ವರೆಗೆ ಸಂಖ್ಯೆ ಕೊಟ್ಟ ಬಾಗಿಲುಗಳಿವೆ. ಇವುಗಳನ್ನು ಪೋರ್ಟ್ ಎನ್ನುತ್ತಾರೆ. ಯಾವ ಬಾಗಿಲಿನಲ್ಲಿ ಯಾರು ಹೋಗಬಹುದು, ಯಾರು ಬರಬಹುದು ಎಂದು ನೋಡಿಕೊಳ್ಳುವ ಕಾವಲುಗಾರನೇ ಫೈರ್‌ವಾಲ್. ಒಂದೇ ಕಂಪ್ಯೂಟರಿನೊಳಗೆ ಕುಳಿತು ಆ ಒಂದನ್ನೇ ಕಾಯುವಂಥದು ವೈಯಕ್ತಿಕ ಫೈರ್‌ವಾಲ್.

ಇಲ್ಲಿ ಮೊದಲು ಮನಸ್ಸಿನಲ್ಲಿಡಬೇಕಾದ ವಿಷಯ ದಿಕ್ಕು. ಮನೆಯವನೊಬ್ಬ ಪೇಟೆಗೆ ಹೋಗಿ ಸಾಮಾನು ತರುವುದು ಬೇರೆ. ಮನೆಯ ಬಾಗಿಲು ತೆರೆದಿಟ್ಟು, ದಾರಿಯಲ್ಲಿ ಹೋಗುವವರು ಯಾರಾದರೂ ಬರಲಿ ಎಂದು ಕಾದು ಕುಳಿತುಕೊಳ್ಳುವುದು ಬೇರೆ. ಮೊದಲನೆಯದು ಹೊರಹೋಗುವ ಸಂಪರ್ಕ, ಎರಡನೆಯದು ಒಳಬರುವ ಸಂಪರ್ಕ. ಪೇಟೆಗೆ ಹೋದವನು ತಂದ ಸಾಮಾನನ್ನು ಕಾವಲುಗಾರ ಒಳಗೆ ಬಿಡುತ್ತಾನೆ, ಏಕೆಂದರೆ ಅದು ನಾವು ಕೇಳಿ ತರಿಸಿದ್ದು. ಕೇಳದೆ ಬಂದದ್ದನ್ನು ಮಾತ್ರ ಗೇಟಿನಲ್ಲೇ ನಿಲ್ಲಿಸುತ್ತಾನೆ. ಫೈರ್‌ವಾಲಿನ ಪೆಟ್ಟಿಗೆಯಲ್ಲಿ ‘ಸರ್ವರ್’, ‘ಲಿಸನ್’, ‘ಇನ್‌ಬೌಂಡ್’ ಎಂಬ ಮಾತುಗಳಲ್ಲಿ ಯಾವುದಾದರೊಂದು ಇದ್ದರೆ ಅದು ಬಾಗಿಲು ತೆರೆದಿಡುವ ಪ್ರಶ್ನೆ. ಇದಿಷ್ಟನ್ನು ಗಮನಿಸಿ ಓದಿದರೆ ಅರ್ಧ ಕೆಲಸ ಮುಗಿಯಿತು.

ಇನ್ನು ‘ಸಿಸ್ಟಮ್ ಪ್ರೋಸೆಸ್’ ಎಂದರೇನು? ನಾವು ತೆರೆದು ಕೆಲಸ ಮಾಡುವ ಬ್ರೌಸರ್, ಬರವಣಿಗೆಯ ಪ್ರೋಗ್ರಾಮು ಇವುಗಳಲ್ಲದೆ, ನಮ್ಮ ಕಣ್ಣಿಗೆ ಕಾಣದಂತೆ ಹಿಂದೆ ದುಡಿಯುವ ಹತ್ತಾರು ಪ್ರೋಗ್ರಾಮುಗಳು ವಿಂಡೋಸಿನಲ್ಲಿವೆ. ಹಿತ್ತಿಲಲ್ಲಿ ನೀರು ಸೇದುವವರು, ಕೊಟ್ಟಿಗೆ ಗುಡಿಸುವವರು ನೆಂಟರ ಕಣ್ಣಿಗೆ ಬೀಳುವುದಿಲ್ಲವಷ್ಟೆ, ಹಾಗೆ. ಇವುಗಳಲ್ಲಿ ಅತ್ಯಂತ ಹೆಚ್ಚು ಸಂಶಯಕ್ಕೆ ಗುರಿಯಾದದ್ದು ‘ಎಸ್‌ವಿಸಿ ಹೋಸ್ಟ್’ ಎಂಬ ಫೈಲು. ಲೇಖನದ ಮೊದಲಲ್ಲಿ ಕೊಟ್ಟ ಪ್ರಶ್ನೆಯಲ್ಲಿ ಉದ್ದ ಹೆಸರಿನಿಂದ ಬಂದದ್ದು ಇದೇ.

ಎಸ್‌ವಿಸಿ ಹೋಸ್ಟನ್ನು ಅರ್ಥಮಾಡಿಕೊಳ್ಳಲು ನಮ್ಮೂರ ಸರ್ವಿಸ್ ಜೀಪನ್ನು ನೆನೆದರೆ ಸಾಕು. ವಿಂಡೋಸಿನ ಅನೇಕ ಸೇವೆಗಳು ಸ್ವಂತವಾಗಿ ಓಡಲಾರವು. ಅವುಗಳನ್ನು ಹೊತ್ತು ಓಡಲು ಒಂದು ವಾಹನ ಬೇಕು. ಆ ವಾಹನವೇ ಎಸ್‌ವಿಸಿ ಹೋಸ್ಟ್. ಒಂದೇ ಜೀಪಿನಲ್ಲಿ ಶಾಲೆಯ ಮೇಸ್ಟ್ರು, ಅಡಿಕೆ ವ್ಯಾಪಾರಿ, ಆಸ್ಪತ್ರೆಗೆ ಹೊರಟ ಅಜ್ಜಿ ಎಲ್ಲರೂ ಕೂತಿರುವಂತೆ, ಒಂದೇ ಎಸ್‌ವಿಸಿ ಹೋಸ್ಟಿನಲ್ಲಿ ಹಲವು ಸೇವೆಗಳು ಕೂತಿರಬಹುದು. ಗೇಟಿನ ಕಾವಲುಗಾರನಿಗೆ ಕಾಣುವುದು ಜೀಪಿನ ನಂಬರು ಮಾತ್ರ. ‘ಜೀಪು ಹೊರಗೆ ಹೋಗಬೇಕಂತೆ, ಬಿಡಲೇ?’ ಎಂದು ಅವನು ಕೇಳುತ್ತಾನೆ. ಒಳಗೆ ಯಾರಿದ್ದಾರೆಂದು ಹೇಳುವುದಿಲ್ಲ. ಜೀಪನ್ನೇ ತಡೆದರೆ ಅಜ್ಜಿಗೆ ಮದ್ದೂ ಇಲ್ಲ, ಶಾಲೆಗೆ ಮೇಸ್ಟ್ರೂ ಇಲ್ಲ.

2017ರಿಂದ ವಿಂಡೋಸ್ 10ರಲ್ಲಿ ಒಂದು ಬದಲಾವಣೆಯಾಯಿತು. ಯಂತ್ರದಲ್ಲಿ 3.5 ಜಿಬಿಗಿಂತ ಹೆಚ್ಚು ಮೆಮೊರಿ ಇದ್ದರೆ ಹೆಚ್ಚಿನ ಸೇವೆಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಜೀಪು. ಟಾಸ್ಕ್ ಮ್ಯಾನೇಜರನ್ನು ತೆರೆದವರು ಅದೇ ಹೆಸರಿನ ಹತ್ತಾರು ಸಾಲುಗಳನ್ನು ಕಂಡು ಗಾಬರಿಯಾಗುವುದು ಇದರಿಂದ. ಗಾಬರಿಯಾಗಬೇಕಾದ್ದಿಲ್ಲ.

ಜೀಪಿನ ಪ್ರಯಾಣಿಕರಲ್ಲಿ ನಾಲ್ವರ ಪರಿಚಯ ಅಗತ್ಯ. ಮೊದಲನೆಯವನು ವಿಳಾಸ ತರುವವನು, ಡಿಎಚ್‌ಸಿಪಿ ಎಂದು ಹೆಸರು. ಕಂಪ್ಯೂಟರು ಜಾಲಕ್ಕೆ ಸೇರಿದಾಗ 67 ಮತ್ತು 68ನೇ ಪೋರ್ಟುಗಳ ಮೂಲಕ ರೌಟರಿನಲ್ಲಿ ಕೇಳಿ ಯಂತ್ರಕ್ಕೊಂದು ವಿಳಾಸ ತರುತ್ತಾನೆ. ಅವನನ್ನು ತಡೆದರೆ ಯಂತ್ರವು 169.254 ಎಂದು ಆರಂಭವಾಗುವ ವಿಳಾಸವನ್ನು ತಾನೇ ಇಟ್ಟುಕೊಂಡು ಸುಮ್ಮನೆ ಕೂರುತ್ತದೆ. ಆ ವಿಳಾಸದಿಂದ ಅಂತರ್ಜಾಲಕ್ಕೆ ದಾರಿಯಿಲ್ಲ. ಎರಡನೆಯವನು ಹೆಸರು ಕೇಳಿ ಬರುವವನು, ಡಿಎನ್‌ಎಸ್. ನಾವು ಟೈಪು ಮಾಡುವ ಹೆಸರಿಗೆ ತಕ್ಕ ಸಂಖ್ಯೆಯನ್ನು 53ನೇ ಪೋರ್ಟಿನಲ್ಲಿ ಹೋಗಿ ಕೇಳಿಕೊಂಡು ಬರುತ್ತಾನೆ. ಮೂರನೆಯವನು 123ನೇ ಪೋರ್ಟಿನಲ್ಲಿ ಹೋಗಿ ಸರಿಯಾದ ಸಮಯ ತಿಳಿದು ಬರುವವನು. ಸಮಯದಲ್ಲೇನಿದೆ ಎಂದು ಕೇಳಬೇಡಿ. ಬ್ಯಾಂಕಿನ ತಾಣವು ತಾನು ನಿಜವಾದ ಬ್ಯಾಂಕೆಂದು ತೋರಿಸಲು ಒಂದು ಪ್ರಮಾಣಪತ್ರ ಕೊಡುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದ ವರೆಗೆ ಎಂಬ ಅವಧಿ ಇದೆ. ನಮ್ಮ ಯಂತ್ರದ ದಿನಾಂಕ ಬಹಳ ತಪ್ಪಿದ್ದರೆ ಒಳ್ಳೆಯ ಪ್ರಮಾಣಪತ್ರವೂ ಅವಧಿ ಮೀರಿದಂತೆ ಕಂಡು ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಅಂಥ ಎಚ್ಚರಿಕೆಯನ್ನು ದಿನಾಲೂ ಕಂಡು ದಾಟಿ ಹೋಗುವ ಅಭ್ಯಾಸವಾದವನು ನಿಜವಾದ ಮೋಸದ ತಾಣ ಬಂದಾಗಲೂ ದಾಟಿಯೇ ಹೋಗುತ್ತಾನೆ. ನಾಲ್ಕನೆಯವನು ವಿಂಡೋಸ್ ಅಪ್‌ಡೇಟ್, ಅಂದರೆ ತಿದ್ದುಪಡಿಗಳನ್ನು ತರುವವನು. ಅವನ ವಿಷಯ ಮುಂದೆ ಹೇಳುತ್ತೇವೆ.

ರಕ್ಷಕ-ಶಿಕ್ಷಕ ಸಂಘದ ಸಭೆಯೊಂದು ಮುಗಿದ ಮೇಲೆ ಹೆತ್ತವರೊಬ್ಬರು ತಮ್ಮ ಮನೆಯ ಸಮಸ್ಯೆಯನ್ನು ನಮ್ಮಲ್ಲಿ ಹೇಳಿದ್ದರು. ‘ಸರ್, ಇಂಟರ್‌ನೆಟ್ ಉಂಟು ಎಂದು ಕೆಳಗಿನ ಮೂಲೆಯ ಚಿತ್ರ ಹೇಳುತ್ತದೆ. ಪುಟ ಮಾತ್ರ ಒಂದೂ ತೆರೆಯುವುದಿಲ್ಲ. ಕಂಪೆನಿಯವರನ್ನು ಎರಡು ಸಲ ಕರೆಸಿದೆ, ತಂತಿಯನ್ನೂ ಬದಲಾಯಿಸಿದರು.’ ತಂತಿಯಲ್ಲಿ ದೋಷವಿರಲಿಲ್ಲ. ಮನೆಯ ಹುಡುಗ ಎಸ್‌ವಿಸಿ ಹೋಸ್ಟನ್ನು ವೈರಸ್ಸೆಂದು ತಿಳಿದು ‘ತಡೆ’ ಎಂದೂ ‘ಈ ಉತ್ತರವನ್ನು ನೆನಪಿಡು’ ಎಂದೂ ಗುರುತು ಹಾಕಿದ್ದ. ಹೆಸರು ಕೇಳಿ ಬರುವವನು ಪಾಗಾರದೊಳಗೇ ಉಳಿದಿದ್ದ. ನಾಲ್ಕು ದಿನ ಕಳೆದಿದ್ದರೆ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನಾಂಕವೂ ಕಳೆಯುತ್ತಿತ್ತಂತೆ. ಅಕ್ಷಯ ಕೇಂದ್ರಕ್ಕೆ ಹೋಗಿ ಆ ಕೆಲಸ ಮುಗಿಸಿಕೊಂಡರು. ಹುಡುಗನನ್ನು ಬಯ್ಯುವಂತಿಲ್ಲ. ಅವನು ಎಚ್ಚರದಿಂದಲೇ ಇದ್ದ, ಅವನಿಗೆ ಜೀಪಿನೊಳಗಿನವರ ಗುರುತು ಹೇಳಿಕೊಟ್ಟವರಿರಲಿಲ್ಲ, ಅಷ್ಟೆ.

ಅದಾದರೂ ಕೂಡಲೇ ಗೊತ್ತಾಗುವ ಹಾನಿ. ತಿದ್ದುಪಡಿ ತರುವವನನ್ನು ತಡೆದರೆ ಏನೂ ಗೊತ್ತಾಗುವುದಿಲ್ಲ. ಯಂತ್ರ ಎಂದಿನಂತೆ ಓಡುತ್ತದೆ. ಬ್ಲಾಸ್ಟರ್ ಎಂಬ ಹುಳ 2003ರ ಆಗಸ್ಟ್ 11ರಂದು ಜಗತ್ತಿನಲ್ಲಿ ಹಬ್ಬತೊಡಗಿತು. ಅದು ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಜುಲೈ 16ರಂದೇ ತಿದ್ದುಪಡಿ ಕೊಟ್ಟಿತ್ತು. ನಡುವೆ 26 ದಿನಗಳಿದ್ದವು. ಹಾಕಿಸಿಕೊಳ್ಳದವರ ಯಂತ್ರಗಳಲ್ಲಿ ‘60 ಸೆಕೆಂಡಿನಲ್ಲಿ ಯಂತ್ರ ನಿಲ್ಲುತ್ತದೆ’ ಎಂಬ ಪೆಟ್ಟಿಗೆ ಬಂದು, ಕಣ್ಣೆದುರೇ ಎಣಿಕೆ ಇಳಿದು, ಯಂತ್ರ ಮತ್ತೆ ಮತ್ತೆ ನಿಂತು ಹೊರಡುತ್ತಿತ್ತು. 2017ರ ಮೇ 12ರಂದು ಎದ್ದ ವಾನಾಕ್ರೈಯ ಕಥೆಯೂ ಹೀಗೆಯೇ. ತಿದ್ದುಪಡಿ ಬಂದದ್ದು ಮಾರ್ಚ್ 14ರಂದು, 59 ದಿನ ಮೊದಲು. ಫೈಲುಗಳನ್ನೆಲ್ಲ ಬೀಗ ಹಾಕಿ, ಬಿಡಿಸಲು 300 ಡಾಲರು ಕೇಳಿದ ಆ ಹುಳ ಇಂಗ್ಲೆಂಡಿನ ಆಸ್ಪತ್ರೆಗಳನ್ನು ನಿಲ್ಲಿಸಿತು. ನಮ್ಮ ರಾಜ್ಯದಲ್ಲಿ ವಯನಾಡಿನ ತರಿಯೋಡು ಪಂಚಾಯತಿ ಕಚೇರಿಯ ಕಂಪ್ಯೂಟರುಗಳನ್ನೂ ಮುಟ್ಟಿತು. ಲಂಡನ್ನಿಗೆ ಬಂದದ್ದು ತರಿಯೋಡಿಗೆ ಬಾರದು ಎನ್ನುವಂತಿಲ್ಲ.

ಈ ಎರಡು ಹುಳಗಳಿಂದ ಇನ್ನೊಂದು ವಿಷಯವನ್ನೂ ತಿಳಿಯಬಹುದು. ಬ್ಲಾಸ್ಟರ್ ನುಗ್ಗಿದ್ದು 135ನೇ ಪೋರ್ಟಿನಿಂದ. ಅಲ್ಲಿ ಬಾಗಿಲು ತೆರೆದು ಕೂತಿದ್ದವನು ವಿಂಡೋಸಿನ ನಿಜವಾದ ಸೇವಕನೇ, ಅವನು ಕೂತಿದ್ದ ಜೀಪೂ ನಿಜವಾದ ಎಸ್‌ವಿಸಿ ಹೋಸ್ಟೇ. ವಾನಾಕ್ರೈ ನುಗ್ಗಿದ್ದು 445ನೇ ಪೋರ್ಟಿನಿಂದ. ಅದನ್ನು ತೆರೆದಿಡುವುದು ಪಟ್ಟಿಯಲ್ಲಿ ಬರಿದೇ ‘ಸಿಸ್ಟಮ್’ ಎಂದು ಕಾಣುವ, ವಿಂಡೋಸಿನ ತಿರುಳೇ ಆದ ಪ್ರೋಸೆಸ್. 2004ರ ಸಾಸರ್ ಹುಳವೂ ಪ್ರಾಮಾಣಿಕನಾದ ‘ಎಲ್‌ಸಾಸ್’ ಎಂಬ ಸೇವಕನ ದೌರ್ಬಲ್ಯವನ್ನೇ ಹಿಡಿದು ಬಂತು. ಎಂದಮೇಲೆ ‘ಇದು ವಿಂಡೋಸಿನದ್ದೇ, ಆದ್ದರಿಂದ ಎಲ್ಲಕ್ಕೂ ಬಿಡಬಹುದು’ ಎಂಬ ಮಾತು ನಿಲ್ಲುವುದಿಲ್ಲ. ಮನೆಯ ಮಗನೇ ಆದರೂ ರಾತ್ರಿ ಗೇಟು ತೆರೆದಿಡು ಎಂದರೆ ನಾವು ತೆರೆದಿಡುವುದಿಲ್ಲವಷ್ಟೆ? ಹೊರಗಿನ ಬೀದಿಗೆ, ಅಂದರೆ ಅಂತರ್ಜಾಲಕ್ಕೆ ಎದುರಾಗಿ, ಮನೆಯ ಕಂಪ್ಯೂಟರಿನ ಯಾವ ಸಿಸ್ಟಮ್ ಪ್ರೋಸೆಸ್ಸೂ ಬಾಗಿಲು ತೆರೆದು ಕೂರಬೇಕಾದ ಅಗತ್ಯವಿಲ್ಲ. ಮನೆಯೊಳಗಿನ ಎರಡು ಕಂಪ್ಯೂಟರುಗಳು ಫೈಲು ಹಂಚಿಕೊಳ್ಳುವುದಿದ್ದರೆ ಮಾತ್ರ 445ನೇ ಬಾಗಿಲು ಬೇಕು. ಅದೂ ಮನೆಯ ಜಾಲದ ಮಟ್ಟಿಗೆ. ಹೊಸ ವೈಫೈಗೆ ಸೇರಿದಾಗ ವಿಂಡೋಸು ‘ಪಬ್ಲಿಕ್’ ಮತ್ತು ‘ಪ್ರೈವೇಟ್’ ಎಂದು ಭೇದ ಮಾಡುವುದು ಇದಕ್ಕಾಗಿಯೇ. ಬಸ್‌ಸ್ಟೇಂಡು, ಲಾಡ್ಜು, ನೆಂಟರ ಮನೆ ಎಲ್ಲ ಕಡೆ ‘ಪಬ್ಲಿಕ್’ ಇರಲಿ.

ಇನ್ನು ವೇಷಧಾರಿಗಳ ವಿಷಯ. ಜೀಪಿನ ನಂಬರನ್ನು ನೋಡಿಯೇ ಬಿಡುತ್ತಾರೆಂದು ತಿಳಿದ ಕಳ್ಳ ತನ್ನ ಜೀಪಿಗೂ ಅದೇ ನಂಬರು ಬರೆಸಿಕೊಳ್ಳುತ್ತಾನೆ. ‘ಎಸ್, ವಿ, ಸಿ’ ಎಂಬ ಅಕ್ಷರಗಳನ್ನು ‘ಎಸ್, ಸಿ, ವಿ’ ಎಂದು ಹಿಂದುಮುಂದು ಮಾಡುವುದು, ‘ಓ’ ಅಕ್ಷರದ ಬದಲು ಸೊನ್ನೆ ಹಾಕುವುದು, ಎಲ್‌ಸಾಸಿನ ಮೊದಲ ಸಣ್ಣ ‘ಎಲ್’ ಇರುವಲ್ಲಿ ಅದರಂತೆಯೇ ಕಾಣುವ ದೊಡ್ಡ ‘ಐ’ ಇಡುವುದು ಇವೆಲ್ಲ ಹಳೆಯ ಉಪಾಯಗಳು. ಓದುವಾಗ ನಮ್ಮ ಕಣ್ಣು ಇಡೀ ಪದವನ್ನು ಒಟ್ಟಿಗೆ ನುಂಗುವುದರಿಂದ ತಪ್ಪು ಕಾಣಿಸುವುದೇ ಇಲ್ಲ. ಪ್ರೂಫ್ ತಿದ್ದಿದವರಿಗೆ ಇದು ಚೆನ್ನಾಗಿ ಗೊತ್ತು. ಆದುದರಿಂದ ಹೆಸರಿಗಿಂತ ಊರನ್ನು ಕೇಳುವುದು ಉತ್ತಮ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಂಶಯದ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಓಪನ್ ಫೈಲ್ ಲೊಕೇಶನ್’ ಎಂದರೆ ಆ ಫೈಲಿನ ಮನೆ ಕಾಣುತ್ತದೆ. ನಿಜವಾದ ಎಸ್‌ವಿಸಿ ಹೋಸ್ಟಿನ ಮನೆ ಸಿ ಡ್ರೈವಿನ ‘ವಿಂಡೋಸ್’ ಫೋಲ್ಡರಿನೊಳಗಿನ ‘ಸಿಸ್ಟಮ್32’. ‘ಡೌನ್‌ಲೋಡ್ಸ್’, ‘ಟೆಂಪ್’ ಎಂಬ ಫೋಲ್ಡರುಗಳಲ್ಲಿ ಅದೇ ಹೆಸರಿನವನು ಸಿಕ್ಕಿದರೆ ಅವನು ಕಳ್ಳನೇ. ಫೈಲಿನ ‘ಪ್ರಾಪರ್ಟೀಸ್’ನಲ್ಲಿ ಮೈಕ್ರೋಸಾಫ್ಟಿನ ಡಿಜಿಟಲ್ ಸಹಿ ಇದೆಯೇ ಎಂದೂ ನೋಡಬಹುದು. ಇಷ್ಟೆಲ್ಲ ನೋಡಿದರೂ ತಪ್ಪಿಸಿಕೊಳ್ಳುವವರಿದ್ದಾರೆ. ನಿಜವಾದ ಜೀಪಿನೊಳಕ್ಕೇ ನುಸುಳಿ ಕೂರುವ ದುಷ್ಟ ಪ್ರೋಗ್ರಾಮುಗಳುಂಟು. ಅವರನ್ನು ಹಿಡಿಯುವುದು ಆಂಟಿವೈರಸ್ಸಿನ ಕೆಲಸ, ಗೇಟಿನ ಕಾವಲುಗಾರನದ್ದಲ್ಲ.

ಉಳಿದ ಹೆಸರುಗಳನ್ನು ಚುರುಕಾಗಿ ನೋಡಿ ಮುಗಿಸೋಣ. ‘ಸ್ಪೂಲರ್’ ಎಂಬವನು ಪ್ರಿಂಟರಿನ ಗುಮಾಸ್ತ. ಮನೆಯೊಳಗಿನ ಪ್ರಿಂಟರಿನ ತನಕ ಹೋಗಲು ಬಿಟ್ಟರೆ ಸಾಕು. 2021ರಲ್ಲಿ ಅವನಲ್ಲೂ ಒಂದು ದೊಡ್ಡ ದೋಷ ಸಿಕ್ಕಿ ತಿದ್ದುಪಡಿ ಬಂದಿತ್ತು. ‘ಸಿಎಸ್‌ಆರ್‌ಎಸ್‌ಎಸ್’, ‘ಎಸ್‌ಎಂಎಸ್‌ಎಸ್’ ಎಂಬವರಿಗೆ ಮನೆಯೊಳಗೇ ಕೆಲಸ. ಆ ಹೆಸರಿನಲ್ಲಿ ಯಾರಾದರೂ ಪೇಟೆಗೆ ಹೋಗಬೇಕೆಂದರೆ ತಡೆಯಿರಿ, ಮನೆ ಎಲ್ಲಿಯದೆಂದು ನೋಡಿರಿ. ‘ರನ್‌ಡಿಎಲ್‌ಎಲ್32’, ‘ಪವರ್‌ಶೆಲ್’ ಇವು ನಿಜವಾದವೇ ಆದರೂ ಯಾರು ಬೇಕಾದರೂ ಬಾಡಿಗೆಗೆ ಹಿಡಿಯಬಹುದಾದ ವಾಹನಗಳು. ನಾವು ಏನನ್ನೂ ಮಾಡದೆ ಸುಮ್ಮನಿರುವಾಗ ಅವು ಹೊರಡಲೆತ್ನಿಸಿದರೆ ಒಮ್ಮೆಗೆ ‘ತಡೆ’ ಎಂದು ಉತ್ತರಿಸುವುದೇ ಸರಿ. 127.0.0.1 ಎಂಬ ವಿಳಾಸ ಕಂಡರೆ ಹೆದರಬೇಡಿ. ಅದು ಯಂತ್ರವು ತನ್ನೊಡನೆ ತಾನೇ ಮಾತಾಡುವ ವಿಳಾಸ. ಫೋನಿನಲ್ಲಿ ಯಾರೋ ‘ಕಂಪೆನಿಯಿಂದ ಮಾತಾಡುತ್ತಿದ್ದೇವೆ, ಈಗ ಬರುವ ಪೆಟ್ಟಿಗೆಯಲ್ಲಿ ಬಿಡು ಎಂದು ಒತ್ತಿ’ ಎಂದರೆ ಫೋನು ಇಟ್ಟುಬಿಡಿ. ಹೆತ್ತವರಿಗೆ ಇದನ್ನು ಮಕ್ಕಳೇ ಹೇಳಬೇಕು.

ತಿಳಿಯದ ಹೆಸರು ಬಂದಾಗ ನಾವು ಶಿಫಾರಸು ಮಾಡುವ ಕ್ರಮ ಒಂದಿದೆ. ‘ನೆನಪಿಡು’ ಎಂಬ ಗುರುತನ್ನು ತೆಗೆಯಿರಿ. ಈ ಸಲಕ್ಕೆ ಮಾತ್ರ ‘ತಡೆ’ ಎನ್ನಿರಿ. ಹೆಸರನ್ನೂ ಪೋರ್ಟಿನ ಸಂಖ್ಯೆಯನ್ನೂ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳಿರಿ. ಏನಾದರೂ ಕೆಟ್ಟಿತೇ ನೋಡಿರಿ. ಕೆಟ್ಟರೆ ಮುಂದಿನ ಸಲ ಬಿಡಬಹುದು. ವಾರದಲ್ಲಿ ಒಂದು ಪುಟ ತುಂಬಿದರೆ ವಿಜ್ಞಾನದ ಪ್ರಾಜೆಕ್ಟಿಗೂ ಆಯಿತು!

ಆದರೆ ಹೊರಹೋಗುವ ಪ್ರತಿಯೊಬ್ಬನ ಬಗ್ಗೆಯೂ ಮನೆಯವರನ್ನು ಕೇಳುವ ಈ ಪದ್ಧತಿಯೇ ಅಷ್ಟು ಉಪಯುಕ್ತವೇ? 2000ನೇ ಇಸವಿಯ ಹೊತ್ತಿಗೆ ಝೋನ್‌ಅಲಾರ್ಮ್ ಎಂಬ ಫೈರ್‌ವಾಲ್ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಆಗ ವಿಂಡೋಸಿಗೆ ಸ್ವಂತ ಕಾವಲುಗಾರನಿರಲಿಲ್ಲ. 2001ರ ಎಕ್ಸ್‌ಪಿಯಲ್ಲಿ ಬಂದವನೂ ಮೊದಲಿಗೆ ಮಲಗಿಯೇ ಇದ್ದ. 2004ರ ಆಗಸ್ಟಿನಲ್ಲಿ ಬಂದ ಎರಡನೆಯ ಸರ್ವಿಸ್ ಪ್ಯಾಕಿನಿಂದ ಅವನನ್ನು ಎಬ್ಬಿಸಿ ನಿಲ್ಲಿಸಿದರು. ಅಂದಿನಿಂದ ವಿಂಡೋಸಿನ ರೂಢಿ ಒಂದೇ: ಕೇಳದೆ ಒಳಬರುವುದನ್ನು ತಡೆ, ಹೊರಹೋಗುವುದನ್ನು ಬಿಡು. 2008ರ ಜುಲೈಯಲ್ಲಿ ಒಂದು ವಿಚಿತ್ರ ನಡೆಯಿತು. ಡಾನ್ ಕಾಮಿನ್ಸ್ಕಿ ಎಂಬ ತಜ್ಞ ಡಿಎನ್‌ಎಸ್‌ನಲ್ಲಿ ಗಂಭೀರವಾದ ದೋಷವನ್ನು ಕಂಡುಹಿಡಿದಿದ್ದರು. ಅದಕ್ಕೆ ಮೈಕ್ರೋಸಾಫ್ಟ್ ಕೊಟ್ಟ ತಿದ್ದುಪಡಿಯೊಡನೆ ಝೋನ್‌ಅಲಾರ್ಮ್ ಹೊಂದಿಕೊಳ್ಳದೆ, ಅದನ್ನು ಬಳಸುತ್ತಿದ್ದ ಅನೇಕರಿಗೆ ಅಂತರ್ಜಾಲವೇ ನಿಂತುಹೋಯಿತು. ಹೊಸ ಆವೃತ್ತಿ ಬರುವ ತನಕ, ಕಾವಲನ್ನು ಸಡಿಲಿಸಬೇಕು ಇಲ್ಲವೇ ರೋಗಕ್ಕೆ ಕೊಟ್ಟ ಮದ್ದನ್ನೇ ತೆಗೆದುಹಾಕಬೇಕು ಎಂಬ ಸ್ಥಿತಿ.

ಮನೆಯ ಮಟ್ಟಿಗೆ ವಿಂಡೋಸಿನ ಆ ರೂಢಿಯೇ ಸಾಕೆಂದು ನಮ್ಮ ಅಭಿಪ್ರಾಯ. ಒಳಗೆ ಸೇರಿ ಯಜಮಾನಿಕೆ ಪಡೆದ ಕಳ್ಳನಿಗೆ ಕಾವಲುಗಾರನನ್ನೇ ಮನೆಗೆ ಕಳುಹಿಸಲು ಸಾಧ್ಯವಿದೆ. ಇನ್ನು ದಿನಕ್ಕೆ ಇಪ್ಪತ್ತು ಸಲ ಪ್ರಶ್ನೆ ಕೇಳಿಸಿಕೊಂಡವನು ಇಪ್ಪತ್ತೊಂದನೆಯದನ್ನು ಓದುವುದಿಲ್ಲ. ಓದಿ, ಹುಡುಕಿ, ಬರೆದಿಡುವ ಉತ್ಸಾಹವಿರುವ ವಿದ್ಯಾರ್ಥಿಗೆ ಕೇಳುವ ಫೈರ್‌ವಾಲಿನಿಂದ ಕಲಿಯಲು ಬೇಕಾದಷ್ಟಿದೆ. ಉಳಿದವರಿಗೆ ಅದು ತಲೆನೋವು.

ನಮ್ಮ ಶಾಲೆಯ ಪ್ರಯೋಗಾಲಯದಲ್ಲಿರುವುದು ಕೈಟ್ ಸಂಸ್ಥೆಯ ಗ್ನೂ/ಲಿನಕ್ಸ್, ಉಬುಂಟುವನ್ನು ಆಧರಿಸಿದ್ದು. ಅಲ್ಲಿ ಈ ಪೆಟ್ಟಿಗೆ ಬರುವುದಿಲ್ಲವೇಕೆ ಎಂದು ಹತ್ತನೆಯ ತರಗತಿಯವರು ಕೇಳಿದ್ದುಂಟು. ಉಬುಂಟುವಿನಲ್ಲಿ ‘ಯುಎಫ್‌ಡಬ್ಲ್ಯು’ ಎಂಬ ಫೈರ್‌ವಾಲ್ ಇದೆ, ಆದರೆ ನಾವಾಗಿ ಹೇಳುವ ತನಕ ಅದು ಕೆಲಸಕ್ಕೆ ತೊಡಗುವುದಿಲ್ಲ. ಬಾಗಿಲುಗಳನ್ನೇ ಆದಷ್ಟು ಕಡಿಮೆ ತೆರೆದಿಡುವುದು ಅಲ್ಲಿನ ಕ್ರಮ. ಆದರೂ 2024ರ ಸೆಪ್ಟೆಂಬರಿನಲ್ಲಿ, 631ನೇ ಪೋರ್ಟಿನಲ್ಲಿ ಪ್ರಿಂಟರುಗಳನ್ನು ಹುಡುಕುತ್ತ ಕೂರುವ ಒಂದು ಸೇವೆಯಲ್ಲಿ ದೋಷ ಕಂಡುಬಂದು ಲಿನಕ್ಸಿನವರೂ ತಿದ್ದುಪಡಿಗೆ ಓಡಬೇಕಾಯಿತು.

ಕೊನೆಯದಾಗಿ, ಈಗಾಗಲೇ ಎಲ್ಲವನ್ನೂ ತಡೆದು ಗೊಂದಲ ಮಾಡಿಕೊಂಡವರಿಗೆ ದಾರಿ ಇದು. ಬೇರೆ ಕಂಪೆನಿಯ ಫೈರ್‌ವಾಲ್ ಬೇಡವೆಂದಾದರೆ ಕಂಟ್ರೋಲ್ ಪ್ಯಾನೆಲಿನ ಮೂಲಕ ಅದನ್ನು ಕ್ರಮವಾಗಿ ತೆಗೆಯಿರಿ. ವಿಂಡೋಸಿನ ಸ್ವಂತ ಫೈರ್‌ವಾಲಿನ ಪುಟದಲ್ಲಿ ‘ರಿಸ್ಟೋರ್ ಡಿಫಾಲ್ಟ್ಸ್’ ಎಂಬುದೊಂದಿದೆ. ಅದನ್ನು ಒತ್ತಿದರೆ ನಾವು ಕೊಟ್ಟ ಉತ್ತರಗಳೆಲ್ಲ ಅಳಿದು ಮೊದಲಿನ ನಿಯಮಗಳು ಮರಳುತ್ತವೆ. ಅನಂತರ ಫೈರ್‌ವಾಲ್ ‘ಆನ್’ ಇದೆಯೇ ಎಂದು ನೋಡಿ, ಅಪ್‌ಡೇಟಿನ ಪುಟಕ್ಕೆ ಹೋಗಿ ಬಾಕಿಯಿರುವ ತಿದ್ದುಪಡಿಗಳನ್ನು ಹಾಕಿಸಿಕೊಳ್ಳಿರಿ. ವಿಂಡೋಸ್ 10ಕ್ಕೆ ಸಾಮಾನ್ಯ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ನಿಂತಿವೆ. ಅಂಥ ಯಂತ್ರವಿರುವವರು ವಿಂಡೋಸ್ 11ಕ್ಕೆ ಏರಿಸಲಾಗುತ್ತದೆಯೇ ಎಂದು ಅದೇ ಪುಟದಲ್ಲಿ ನೋಡಬಹುದು. ಆಗದಿದ್ದರೆ ಪ್ರಯೋಗಾಲಯದಲ್ಲಿರುವಂಥ ಲಿನಕ್ಸನ್ನು ಮನೆಯ ಯಂತ್ರಕ್ಕೂ ಹಾಕಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ.